ಚಿಕ್ಕಹಳ್ಳದ ಗುರುವಾರ

ನಮ್ಮ ಕಡೆ, ಅಂದರೆ ಗದಗ ಸೀಮೆಯಲ್ಲಿ, ಯಾರ ಮನೆಯಿಂದ ಹೊರಡುವಾಗಲೂ ‘ಹೋಗುತ್ತೇನೆ’ ಎನ್ನುವ ರೂಢಿಯಿಲ್ಲ. ‘ಬರತೇನ್ರಿ’ ಎನ್ನಬೇಕು. ಹೋಗುವವನು ಬರುತ್ತೇನೆ ಎನ್ನುವುದು ಅರ್ಥಕ್ಕೆ ಹೊಂದದ ಮಾತಾದರೂ ಅದೇ ಸರಿಯಾದ ಮಾತು. ಹೋಗುತ್ತೇನೆ ಎಂದವನು ತಿರುಗಿ ಬಾರದ ಹಾದಿ ಹಿಡಿದಾನು ಎಂಬ ಅಂಜಿಕೆ ಅದರ ಹಿಂದಿದೆ. ಇದನ್ನು ಮೊದಲೇ ಹೇಳಬೇಕಾಯಿತು. ಏಕೆಂದರೆ ನಾನು ಈಗ ಯಾರನ್ನು ಕುರಿತು ಬರೆಯುತ್ತಿದ್ದೇನೋ ಅವರು ನಾನು ಕಂಡಷ್ಟು ಕಾಲ ಒಮ್ಮೆಯೂ ‘ಬರತೇನಿ’ ಎಂದವರಲ್ಲ.

ಅವರನ್ನು ಮೊದಲು ನೋಡಿದ್ದು ಟೊರಾಂಟೊ ಪಕ್ಕದ ಬ್ರ್ಯಾಂಪ್ಟನ್ನಿನ ಒಂದು ಮನೆಯಲ್ಲಿ, ಯುಗಾದಿಯ ಊಟಕ್ಕೆ ಹೋಗಿದ್ದಾಗ. ಇಳಕಲ್ ಸೀರೆಯ ಮೇಲೆ ಗಂಡಸರ ಉಣ್ಣೆಯ ಕೋಟು, ಕಾಲಿಗೆ ದಪ್ಪ ಬೂಟು. ಎಪ್ಪತ್ತು ದಾಟಿದ ಆ ಹೆಂಗಸು ಬಾಗಿಲಲ್ಲಿ ನಿಂತು, ಎಲ್ಲರಿಗೂ ಕೇಳುವಂತೆ, “ನಾ ಇನ್ನ ಹೋಗತೇನಿ” ಎಂದರು.

ಮನೆಯ ಯಜಮಾನಿ ಹುಬ್ಬಳ್ಳಿಯವರು. ಕೈಯಲ್ಲಿದ್ದ ಸೌಟನ್ನು ಹಾಗೆಯೇ ಹಿಡಿದು ಓಡಿಬಂದರು. “ಅಯ್ಯ, ಹಬ್ಬದ ದಿನ ಹಂಗ ಅನಬಾರದ್ರಿ! ಬರತೇನಿ ಅನ್ರಿ.”

“ಬರೂದಿಲ್ಲಲ್ಲವಾ ಮತ್ತ. ಹೋಗಾಕತ್ತೇನಿ.”

“ಮುಂದಿನ ಯುಗಾದಿಗೆ ಕರಿಯೂದಿಲ್ಲೇನು ನಿಮ್ಮನ್ನ?”

“ಕರದಾಗ ನೋಡೂಣು. ಈಗಂತೂ ಹೋಗತೇನಿ.”

ಬೆಂಗಳೂರಿನ ಹುಡುಗರು ನಕ್ಕರು. “ಆಂಟಿ ಗ್ರಾಮರ್ ಪ್ರಕಾರ ಫುಲ್ ಕರೆಕ್ಟು” ಎಂದು ಒಬ್ಬ ಹೇಳಿದ. ನನಗೆ ನಗು ಬರಲಿಲ್ಲ. ನಮ್ಮ ಮನೆತನದಲ್ಲಿ ಪದವಿ ಪಡೆದವನು ನಾನೇ ಮೊದಲು. ನಾಲ್ಕು ಜನರ ಮುಂದೆ ಮಾತು ತಪ್ಪಬಾರದು ಎಂಬ ಕಾಳಜಿ ನನಗೆ ಯಾವಾಗಲೂ ಇದ್ದದ್ದೇ. ಇತರರ ಮಾತು ತಪ್ಪಿದರೂ ಅಷ್ಟೇ ಕಸಿವಿಸಿಯಾಗುತ್ತದೆ. ಹೊಸ್ತಿಲವರೆಗೆ ಹೋಗಿ, ಆದಷ್ಟು ವಿನಯದಿಂದ, “ಅಕ್ಕೋರ, ನಮ್ಮ ಕಡೆ ಹಂಗ ಅನ್ನೂದಿಲ್ರಿ” ಎಂದೆ. ನಮ್ಮೂರಿನಲ್ಲಿ ಶಾಲೆಯ ಶಿಕ್ಷಕಿಯರನ್ನು ಅಕ್ಕೋರು ಎನ್ನುತ್ತೇವೆ. ಅವರ ನಿಲುವು ಕಂಡು ಆ ಶಬ್ದ ತಾನಾಗಿ ಬಂತು, ಕಡೆಯವರೆಗೂ ಅದೇ ಉಳಿಯಿತು.

ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. “ಯಾವೂರ ನಿಂದು?”

“ರೋಣದ ಹತ್ರ ಒಂದ ಹಳ್ಳಿರಿ.”

“ನಂದು ಬೆಟಗೇರಿ. ನಿಮ್ಮ ಕಡೆ ಏನಂತಾರ ನನಗೂ ಗೊತ್ತೈತಿ. ಇಲ್ಲೆಲ್ಲಿ ಇರತಿ?”

ರೂಮು ಹುಡುಕುತ್ತಿದ್ದೇನೆ ಎಂದೆ.

“ರೆಕ್ಸ್‌ಡೇಲಿನಾಗ ನಮ್ಮನಿ ಬೇಸ್‌ಮೆಂಟು ಖಾಲಿ ಐತಿ. ಥಂಡ್ಯಾಗ ಕಿಟಕಿ ತಗೀತೇನಿ, ಅದು ನಡೀತೈತಿ ಅಂದ್ರ ಬಾ.”

ಹೀಗೆ ನಾನು ಅವರ ಮನೆಯವನಾದೆ.

ಕಿಟಕಿಯ ಮಾತು ಹುಡುಗಾಟವಾಗಿರಲಿಲ್ಲ. ಹೊರಗೆ ಹಿಮ ಕಲ್ಲಾಗಿರುವ ಜನವರಿಯಲ್ಲೂ ಬೆಳಗ್ಗೆ ಎದ್ದವರೇ ಮನೆಯ ಕಿಟಕಿಗಳನ್ನೆಲ್ಲ ಪೂರ್ತಿ ತೆರೆಯುತ್ತಿದ್ದರು. ಕೆಳಗೆ ನಾನು ಕಂಬಳಿಯೊಳಗೆ ನಡುಗುತ್ತಿದ್ದರೆ ಮೇಲಿನಿಂದ ಕೂಗುತ್ತಿದ್ದರು: “ಹೊಲಸ ಹವಾ ಹೊರಗ ಹೋಗಲಿ ತಮ್ಮಾ! ಸಾಯೂದಿಲ್ಲ ನೀ!” ಅದು ಅವರು ಜರ್ಮನಿಯಲ್ಲಿ ಕಲಿತ ಪಾಠ. ಗೋಧಿಯಲ್ಲದ, ಇಟ್ಟಿಗೆಯಂತೆ ಭಾರವಾದ ಕಪ್ಪು ಬ್ರೆಡ್ಡನ್ನು ತೆಳ್ಳಗೆ ಕೊಯ್ದು, ಅದರ ಮೇಲೆ ಬೆಣ್ಣೆ ಸವರಿ, ಬೆಣ್ಣೆಯ ಮೇಲೆ ಗುರೆಳ್ಳು ಚಟ್ನಿಪುಡಿ ಉದುರಿಸಿ ತಿನ್ನುವುದು ಮಾತ್ರ ಯಾರೂ ಕಲಿಸದೆ ತಾವೇ ಕಂಡುಕೊಂಡದ್ದು.

ಮನೆ ಅವರದೇ. ಆದರೂ ಬೇಸ್‌ಮೆಂಟಿಗೆ ಇಳಿಯುವ ಮೊದಲು ಮೇಲಿನ ಮೆಟ್ಟಿಲಿನಲ್ಲಿ ನಿಂತು, “ನಾ ಅದೇನಿ. ಇಳೀಲೇನು?” ಎಂದು ಕೇಳದೆ ಒಂದು ಹೆಜ್ಜೆಯನ್ನೂ ಇಡುತ್ತಿರಲಿಲ್ಲ. ಒಮ್ಮೆ ನನಗೆ ಜ್ವರ ಬಂದು ಮಲಗಿದ್ದಾಗ ಹಾಗೆಯೇ ಕೇಳಿ ಇಳಿದು ಬಂದರು. ಹಾಸಿಗೆಯ ಪಕ್ಕ ನಿಂತು ಎರಡೂ ಅಂಗೈಗಳನ್ನು ಬಹಳ ಹೊತ್ತು ಉಜ್ಜಿದರು. ಕೈಗೆ ಚಳಿಯೇ ಎಂದು ಕೇಳಿದೆ. “ನನಗಲ್ಲೋ. ತಣ್ಣನ ಕೈ ಹಚ್ಚಿದ್ರ ನೀ ಬೆಚ್ಚಿ ಬೀಳತಿ” ಎಂದು ಹೇಳಿ, ಆಮೇಲೆ ಹಣೆ ಮುಟ್ಟಿದರು. ರೊಟ್ಟಿಯ ಹಂಚಿನ ಮೇಲಿಂದ ಆಗಷ್ಟೇ ತೆಗೆದಂತಿತ್ತು ಆ ಅಂಗೈ.

ಬೆಟಗೇರಿಯ ಕ್ರೈಸ್ತ ಮನೆತನದಲ್ಲಿ ಹುಟ್ಟಿ, ಅಲ್ಲೇ ನರ್ಸಿಂಗ್ ಕಲಿತು, ಚಿಕ್ಕ ವಯಸ್ಸಿನಲ್ಲೇ ಜರ್ಮನಿಯ ಒಂದು ಸಣ್ಣ ಪಟ್ಟಣಕ್ಕೆ ಕೆಲಸಕ್ಕೆ ಹೋದವರು ಅವರು. ಮದುವೆಯಾದದ್ದು, ಮಗಳು ಹುಟ್ಟಿದ್ದು ಎಲ್ಲವೂ ಅಲ್ಲಿಯೇ. ಮೊದಲು ಪಟ್ಟಣದ ಆಸ್ಪತ್ರೆ. ಆಮೇಲೆ ಸಣ್ಣ ಕಾರೊಂದನ್ನು ಓಡಿಸಿಕೊಂಡು ಸುತ್ತಲಿನ ಹಳ್ಳಿಗಳಿಗೆ ಹೋಗಿ, ಹಾಸಿಗೆ ಬಿಟ್ಟೇಳಲಾರದವರಿಗೆ ಸ್ನಾನ ಮಾಡಿಸಿ, ಹುಣ್ಣಿಗೆ ಪಟ್ಟಿ ಕಟ್ಟಿ ಬರುವ ಕೆಲಸ. ವಾರದ ಒಂದೊಂದು ದಿನ ಒಂದೊಂದು ಹಳ್ಳಿ. ಈ ಸಂಗತಿ ನನಗೆ ಬಹಳ ತಡವಾಗಿ ಗೊತ್ತಾಯಿತು. ಕಾರಣವನ್ನು ಬರೆಯಲು ಈಗಲೂ ಸಂಕೋಚವಾಗುತ್ತದೆ.

ಅವರು ಮಾತೆತ್ತಿದರೆ ಹಿರೇಹಳ್ಳ, ಚಿಕ್ಕಹಳ್ಳ, ಹೊಸೂರು, ಕಲ್ಲಹೊಲ. ಹಿರೇಹಳ್ಳದವರು ಚಿಕ್ಕಹಳ್ಳದವರಿಗೆ ಹೆಣ್ಣು ಕೊಡುವುದಿಲ್ಲವಂತೆ. ಕಲ್ಲಹೊಲದಲ್ಲಿ ಮನೆಯ ಮುಂದಿನ ತಿಪ್ಪೆ ನೋಡಿ ರೈತನ ಸ್ಥಿತಿ ಅಳೆಯುತ್ತಾರಂತೆ. ಹೊಸೂರಿಗೆ ಹೊಸೂರೆಂಬ ಹೆಸರು ಬಿದ್ದು ಎಷ್ಟೋ ತಲೆಮಾರಾದರೂ ಉಳಿದವರಿಗೆ ಅವರಿನ್ನೂ ನಿನ್ನೆ ಬಂದವರಂತೆ. ಬುಧವಾರ ಎಲ್ಲರೂ ಪ್ಯಾಟಿಗೆ ಸಂತೆಗೆ ಬಂದು, ಚೌಕದ ಕಾರಂಜಿಯ ಸುತ್ತ ನಿಂತು ಒಬ್ಬರ ಮೇಲೊಬ್ಬರು ಚಾಡಿ ಹೇಳುತ್ತಾರಂತೆ. ಇದರಲ್ಲಿ ನನಗೆ ಅಪರಿಚಿತವಾದದ್ದು ಏನೂ ಇರಲಿಲ್ಲ. ನಮ್ಮ ತಾಲೂಕಿನ ಕತೆಗಳೆಂದೇ ನಂಬಿ ತಿಂಗಳುಗಟ್ಟಲೆ ಕೇಳಿದ್ದೆ.

ಒಂದು ದಿನ ಅಡುಗೆಮನೆಯಲ್ಲಿ ಹೇಳುತ್ತಿದ್ದರು: “ಹಿರೇಹಳ್ಳದ ಏರಿನ್ಯಾಗ ನನ್ನ ಕಾರು ಸಿಕ್ಕೊಂಡು, ಟ್ರ್ಯಾಕ್ಟರ್ ಹಚ್ಚಿ ಎಳದ್ರಪಾ.”

ನಾನು ತಿಳಿದವನಂತೆ, “ಎರಿ ಹೊಲದ ಹಾದಿ ಹಂಗರಿ ಅಕ್ಕೋರ. ಮಳಿ ಬಿದ್ರ ಗಾಲಿ ಬಿಡೂದಿಲ್ಲ” ಎಂದೆ.

“ಮಳಿ ಎಲ್ಲೀದೋ? ಮಂಜು. ಮೊಣಕಾಲತನಾ ಬಿದ್ದಿತ್ತು.”

“ಹಿರೇಹಳ್ಳದಾಗ ಮಂಜೇನ್ರಿ?”

“ಮತ್ತ? ಹಿರೇಹಳ್ಳ ಎಲ್ಲೈತಿ ಅಂದ್ಕೊಂಡಿ ನೀ?”

“ನರಗುಂದದ ಕಡೆ ಅಂದ್ಕೊಂಡಿದ್ದೆರಿ...”

ಅವರು ನಕ್ಕು ನಕ್ಕು ಸುಸ್ತಾಗಿ ಕುರ್ಚಿಯಲ್ಲಿ ಕುಸಿದರು. “ಡಿಗ್ರಿ ಮಾಡ್ಯಾನಂತ ಡಿಗ್ರಿ! ನರಗುಂದದಾಗ ಹಿಮಾ ಬೀಳಿಸಿದ ನೋಡು!” ಆಮೇಲೆ ಎಷ್ಟೋ ದಿನ, ನಾನು ಕೆಲಸದಿಂದ ಬಂದೊಡನೆ, “ಏನಪಾ, ನರಗುಂದದಾಗ ಇವತ್ತ ಎಷ್ಟ ಬಿತ್ತು?” ಎಂದೇ ಮಾತಾಡಿಸುತ್ತಿದ್ದರು.

ವಿಷಯ ಇಷ್ಟೇ. ಹೋದ ಹೊಸದರಲ್ಲಿ ಅವರ ನಾಲಿಗೆಗೆ ಆ ಊರುಗಳ ಹೆಸರು ಹೊರಳಲಿಲ್ಲ. ಜೊತೆಯ ನರ್ಸೊಬ್ಬಳು ಅರ್ಥ ಬಿಡಿಸಿ ಹೇಳಿದಳು: ಇದು ದೊಡ್ಡ ಹಳ್ಳ, ಅದು ಸಣ್ಣ ಹಳ್ಳ, ಇದು ಹೊಸ ಊರು, ಅದು ಕಲ್ಲಿನ ಹೊಲ. “ಇಷ್ಟ ಏನು! ಇವೆಲ್ಲಾ ನಮ್ಮೂರ ಅದಾವಲ್ಲ ಅಂದೆ” ಎಂದು ಹೇಳಿ ಅವರು ಕೈ ಕೊಡವುತ್ತಿದ್ದರು. ಅಂದಿನಿಂದ ಅವರಿಗೆ ಅವು ಕನ್ನಡದ ಊರುಗಳೇ. ಅವುಗಳ ಜರ್ಮನ್ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಉಚ್ಚಾರ ತಪ್ಪೀತು ಎಂಬ ಅಂಜಿಕೆ ಒಂದು. ಅವರೇ ಬಿಟ್ಟ ಹೆಸರನ್ನು ನಾನೇಕೆ ಎತ್ತಲಿ ಎಂಬುದು ಇನ್ನೊಂದು.

ಗುರುವಾರ ಮಾತ್ರ ಆ ಮನೆಯಲ್ಲಿ ಬೇರೆಯಾಗಿತ್ತು. ಅಂದು ಅವರು ಎಲ್ಲಿಗೂ ಹೋಗುತ್ತಿರಲಿಲ್ಲ. ಬೆಳಗಿನಿಂದ ಮಧ್ಯಾಹ್ನದವರೆಗೆ ಮುಂಬಾಗಿಲಿನ ಚಿಲಕ ತೆಗೆದಿಟ್ಟು, ಬಾಗಿಲನ್ನು ಬರಿದೇ ಮುಂದೆ ಮಾಡಿ ಇಟ್ಟಿರುತ್ತಿದ್ದರು. ನಾನು ಗಾಬರಿಯಾಗಿ ಹಾಕಿದರೆ ಎದ್ದು ಬಂದು ಮತ್ತೆ ತೆಗೆಯುತ್ತಿದ್ದರು. ಮಿಲ್ಟನ್ನಿನಲ್ಲಿದ್ದ ಅವರ ಮಗಳು ಬಂದಾಗಲೆಲ್ಲ ಇದೇ ಜಗಳ. ಜರ್ಮನಿಯಲ್ಲಿ ಹುಟ್ಟಿ ಇಲ್ಲಿ ಬೆಳೆದ ಆಕೆಗೆ ತಾಯಿಯ ಮಾತು ಅಂದಾಜಿನಲ್ಲಿ ತಿಳಿಯುತ್ತದೆ, ಬಿಡಿ ಶಬ್ದಗಳ ಅರ್ಥ ಗೊತ್ತಿಲ್ಲ, ಉತ್ತರವೆಲ್ಲ ಇಂಗ್ಲಿಷಿನಲ್ಲಿ. “ಮಾಮ್, ದಿಸ್ ಈಸ್ ರೆಕ್ಸ್‌ಡೇಲ್! ಲಾಕ್ ದ ಡೋರ್!”

“ಇರಲಿ ಬಿಡವಾ. ಇವತ್ತ ಗುರುವಾರ.”

ಹಾಗೊಂದು ಜಗಳ ಮುಗಿದ ಮೇಲೆ ಅವರು ನನಗೆ ಚಿಕ್ಕಹಳ್ಳದ ಮುದುಕಿಯ ಕತೆ ಹೇಳಿದರು. ಮಗಳೂ ಎದುರಿಗೇ ಕುಳಿತಿದ್ದಳು.

ಗುರುವಾರ ಚಿಕ್ಕಹಳ್ಳದ ಪಾಳಿ. ಅಲ್ಲಿ ಹಳ್ಳದ ದಂಡೆಯ ಕೊನೆಯ ಮನೆಯಲ್ಲಿ ಒಬ್ಬ ಮುದುಕಿ. ಕಾಲಿನಲ್ಲಿ ಮಾಯದ ಹುಣ್ಣು, ಕಣ್ಣು ಮಂಜು. ಇವರು ಮೊದಲ ಸಲ ಹೋದಾಗ ಹೊರಗಿನ ಹೆಂಗಸೆಂದು ಬಾಗಿಲು ತೆರೆಯಲಿಲ್ಲವಂತೆ. ಅಂಗಳದಲ್ಲಿ ನಿಂತು, “ನಾ ಅದೇನಿ, ಬರಲೇನು?” ಎಂದು ಕೇಳುತ್ತಲೇ ಇದ್ದರಂತೆ. ಕಡೆಗೆ ಮುದುಕಿ ಕಿಟಕಿಯಿಂದ ಕೈ ಹೊರಚಾಚಿ ಇವರ ಕೈ ಮುಟ್ಟಿ ನೋಡಿ, “ಬೆಚ್ಚಗಿದೆ, ಬಾ” ಎಂದಳಂತೆ. ಮುಂದೆ ವರ್ಷಾನುಗಟ್ಟಲೆ ಗುರುವಾರ ಬಂತೆಂದರೆ ಮುದುಕಿ ಬೆಳಗ್ಗೆಯೇ ತಡಕಾಡಿ ಚಿಲಕ ತೆಗೆದಿಟ್ಟು, ಕುರ್ಚಿಯನ್ನು ಬಾಗಿಲ ಕಡೆಗೆ ತಿರುಗಿಸಿ ಕೂರುತ್ತಿದ್ದಳು.

ಆಮೇಲೆ, ನಾನು ಬರುವ ಮೊದಲೇ ತೀರಿಕೊಂಡಿದ್ದ ಅವರ ಯಜಮಾನರಿಗೆ ಟೊರಾಂಟೊದ ಕಾರ್ಖಾನೆಯೊಂದರಲ್ಲಿ ಕೆಲಸವಾಯಿತು. ಕಡೆಯ ಗುರುವಾರ ಪಟ್ಟಿ ಕಟ್ಟಿ ಎದ್ದಾಗ, ಹೋಗುತ್ತೇನೆ ಎನ್ನಲು ಬಾಯಿ ಬರಲಿಲ್ಲ. ಮುದುಕಿಯ ಮನೆಯಲ್ಲಿ ನಿಂತು ಅಂಥ ಅಪಶಕುನ ನುಡಿಯುವುದು ಹೇಗೆ? ನಮ್ಮ ಮಾತನ್ನೇ ಜರ್ಮನ್ನಿಗೆ ಇಳಿಸಿ, “ಹೋಗಿ ಬರತೇನಿ” ಎಂದರು.

“ಆಕಿ ಕೇಳಿದ್ಲು, ಯಾವಾಗ?” ಎಂದು ಹೇಳಿ ಅಕ್ಕೋರು ಮುಂಬಾಗಿಲಿನ ಕಡೆಗೆ ನೋಡಿದರು. ಆಮೇಲೆ, “ನಾ ಗುರುವಾರ ಅಂದೆ” ಎಂದರು.

ಇಲ್ಲಿಗೆ ಬಂದ ಚಳಿಗಾಲದಲ್ಲಿ, ಅವರ ಜಾಗಕ್ಕೆ ಬಂದಿದ್ದ ನರ್ಸು ಫೋನಿನಲ್ಲಿ ಮಾತಾಡುತ್ತ ಸಹಜವಾಗಿ ತಿಳಿಸಿದಳಂತೆ. ಮುದುಕಿ ಹೊಸಬಳನ್ನು ಒಳಗೆ ಬಿಡಲಿಲ್ಲ; ಗುರುವಾರಕ್ಕೆ ಅವಳೇ ಬರುತ್ತಾಳೆ, ಹೇಳಿ ಹೋಗಿದ್ದಾಳೆ ಎನ್ನುತ್ತಿದ್ದಳು. ಹುಣ್ಣಿನ ನಂಜು ಏರಿತು, ಮುದುಕಿ ಆ ಚಳಿಗಾಲ ದಾಟಲಿಲ್ಲ.

ಮಗಳು ತಡೆಯಲಾರದೆ ನಡುವೆ ಬಾಯಿ ಹಾಕಿದಳು. ಆಕೆ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ: “ಜರ್ಮನರೂ ಹೊರಡುವಾಗ ‘ಮತ್ತೆ ಕಾಣುವವರೆಗೆ’ ಎಂದೇ ಹೇಳುತ್ತಾರೆ. ಅದನ್ನು ನಂಬಿಕೊಂಡು ಯಾರೂ ಕಾಯುತ್ತ ಕೂರುವುದಿಲ್ಲ. ಎಷ್ಟು ಸಲ ಹೇಳಲಿ ನಿನಗೆ?”

“ಅದು ಬಾಯಿಮಾತವಾ. ನಾ ಅಂದದ್ದೂ ಬಾಯಿಮಾತ. ಆದ್ರ ಆಕಿ ಯಾವಾಗ ಅಂತ ಕೇಳಿದ್ಲಲ್ಲ, ನಾ ವಾರ ಹೇಳಿದ್ನಲ್ಲ. ಅದು ಬಾಯಿಮಾತಲ್ಲ.”

ಎಷ್ಟೋ ವರ್ಷಗಳ ನಂತರ ಒಮ್ಮೆ ಆ ಊರಿಗೆ ಹೋಗಿದ್ದರಂತೆ. ಮುದುಕಿಯ ಸಮಾಧಿಯ ಮುಂದೆ ನಿಂತು ಸರಿಯಾದ ಮಾತು ಹೇಳಿ ಬರುವುದು ಅವರ ಎಣಿಕೆ. ಆದರೆ ಅಲ್ಲಿಯ ಪದ್ಧತಿಯಲ್ಲಿ ಸಮಾಧಿಯ ಜಾಗ ಶಾಶ್ವತವಲ್ಲ. ಅವಧಿ ತೀರಿದರೆ ಕಲ್ಲು ಎತ್ತಿ, ನೆಲ ಸಮ ಮಾಡಿ, ಬೇರೆಯವರಿಗೆ ಕೊಡುತ್ತಾರೆ. ಮುದುಕಿ ಇದ್ದಲ್ಲಿ ಬೇರೊಬ್ಬರ ಹೆಸರಿತ್ತು. “ಯಾರ ಮುಂದ ಹೇಳಲಿ? ಹಂಗ ಹೊಳ್ಳಿ ಬಂದೆ. ಅವತ್ತ ಅಂದ್ಕೊಂಡೆ, ಇನ್ನ ಯಾರ ಮುಂದೂ ಬರತೇನಿ ಅನ್ನೂದಿಲ್ಲ.”

ಯುಗಾದಿಯ ದಿನ ನಾನು ಅವರನ್ನು ತಿದ್ದಲು ಹೋದದ್ದು ನೆನಪಾಗಿ ತಲೆ ತಗ್ಗಿಸಿದೆ. ಅವರು ಅದನ್ನು ಗಮನಿಸಿದರೋ ಏನೋ, ಮಾತು ಮುಂದುವರಿಸಿದರು. “ತಮ್ಮಾ, ನಾ ಹಾಸಗಿ ಹಿಡದಾಗ ನೋಡಾಕ ಬಾ. ಹೊರಡೂ ಮುಂದ ಮಾತ್ರ ಹೋಗತೇನಿ ಅಂತ ಹೇಳು. ಕಾಯೂದು ನನ್ನ ಕಡಿಂದ ಆಗೂದಿಲ್ಲ.”

“ಆತ್ರಿ” ಎಂದೆ. ಒಂದು ಶಬ್ದ ಹೇಳುವುದು ಅಷ್ಟೇನು ಕಷ್ಟ ಎಂದು ಆಗ ಅನಿಸಿತ್ತು.

ಮುಂದೆ ನನಗೆ ಬ್ರ್ಯಾಂಪ್ಟನ್ನಿನ ಗೋದಾಮಿನ ಕಚೇರಿಯಲ್ಲಿ ಕೆಲಸ ಖಾಯಂ ಆಗಿ ಅಲ್ಲೇ ಮನೆ ಮಾಡಿದೆ. ಅಕ್ಕೋರ ಶಕ್ತಿ ಕುಂದಿತು. ಮಗಳು ರೆಕ್ಸ್‌ಡೇಲಿನ ಮನೆ ಬಿಡಿಸಿ ತನ್ನ ಮನೆಗೆ ಕರೆದೊಯ್ದಳು. ಮಿಲ್ಟನ್ನಿನ ಹೊಸ ಬಡಾವಣೆ, ಒಂದರಂತೆ ಒಂದು ಮನೆ, ಗಿಡಗಳಿನ್ನೂ ಕೋಲಿಗೆ ಕಟ್ಟಿಸಿಕೊಂಡು ನಿಂತಿವೆ. ಕೆಳಗಿನ ಕೋಣೆಯಲ್ಲಿ ಅವರ ಹಾಸಿಗೆ. ಇಂಗ್ಲಿಷು ಮೊದಲು ಬಿಟ್ಟುಹೋಯಿತು, ಆಮೇಲೆ ಜರ್ಮನ್ನೂ ಹೋಯಿತು. ಕನ್ನಡ ಮಾತ್ರ ಉಳಿಯಿತು. ಅವರ ಜೊತೆ ಮಾತಾಡಲು ನಾನು ಶನಿವಾರ ಹೋಗತೊಡಗಿದೆ.

ಮೊದಲ ಶನಿವಾರ ಹೊರಡುವಾಗ ಬಾಗಿಲಲ್ಲಿ ನಿಂತು, ಕೊಟ್ಟ ಮಾತಿನಂತೆ ಆ ಶಬ್ದ ಹೇಳಲು ಸಿದ್ಧನಾದೆ. ನಾನು ಶಾಲೆಗೆ ಹೋಗುವ ವಯಸ್ಸಿನಲ್ಲಿ ಒಮ್ಮೆ ಅವಸರದಲ್ಲಿ, “ಯವ್ವಾ, ಹೋಗತೇನಿ” ಎಂದಿದ್ದೆ. ಅವ್ವ ಬೀದಿಯವರೆಗೆ ಓಡಿಬಂದು, ನನ್ನನ್ನು ಒಳಗೆ ಕರೆದೊಯ್ದು, ಕೂರಿಸಿ, ನೀರು ಕುಡಿಸಿ, ಸರಿಯಾದ ಮಾತು ಹೇಳಿಸಿಯೇ ಮತ್ತೆ ಕಳಿಸಿದ್ದಳು. ಆ ನೀರು ಇನ್ನೂ ಗಂಟಲಿನಲ್ಲಿದೆ ಎನಿಸಿತು. ಹಾಸಿಗೆ ಹಿಡಿದ ಹಿರಿಯರ ಮುಂದೆ ನಿಂತು ಹೋಗತೇನಿ ಎನ್ನಲು ನನ್ನಿಂದ ಸಾಧ್ಯವಾಗಲಿಲ್ಲ.

“ಬರತೇನ್ರಿ ಅಕ್ಕೋರ” ಎಂದುಬಿಟ್ಟೆ.

ಅವರು ಕಣ್ಣು ತೆರೆದರು. “ಯಾವಾಗ?”

“ಶನಿವಾರ್ರಿ.”

ಅವರು ಕೈಗಳನ್ನು ಹೊದಿಕೆಯೊಳಗೆ ಎಳೆದುಕೊಂಡರು.

ಹೇಳಿದಂತೆ ಹೋದೆ. ಪ್ರತಿ ಸಲವೂ ಅದೇ ಮಾತು, ಅದೇ ಪ್ರಶ್ನೆ, ಅದೇ ಉತ್ತರ. ಬರುತ್ತೇನೆ ಎಂದು ಬರುತ್ತಿದ್ದೇನಲ್ಲ, ಇದರಲ್ಲಿ ತಪ್ಪೇನಿದೆ ಎಂದು ನನ್ನಷ್ಟಕ್ಕೆ ಸಮರ್ಥಿಸಿಕೊಂಡೆ. ಕ್ರಿಸ್‌ಮಸ್ ಹತ್ತಿರ ಬಂತು. ಗೋದಾಮಿನಲ್ಲಿ ಸರಕು ಛಾವಣಿ ಮುಟ್ಟುವ ಕಾಲ. ಮೇಲ್ವಿಚಾರಕ ಪಂಜಾಬಿ, ಒಳ್ಳೆಯ ಮನುಷ್ಯ. “ಭಾಯಿ, ಸ್ಯಾಟರ್ಡೇ ಓವರ್‌ಟೈಮ್ ಆ ಜಾವ್, ಪ್ಲೀಸ್” ಎಂದ. ಆಗುವುದಿಲ್ಲ ಎನ್ನಬಹುದಿತ್ತು. ಹಾಗೆಂದರೆ ಅವನು ತಪ್ಪು ತಿಳಿಯುತ್ತಿರಲಿಲ್ಲ. ಆದರೆ ಮೇಲಿನವರು ಕೇಳಿದಾಗ ಇಲ್ಲವೆನ್ನುವುದು ನನಗೆ ಅಭ್ಯಾಸವಿಲ್ಲ. ಒಂದು ವಾರ ತಾನೇ, ಅವರು ಹೆಚ್ಚಾಗಿ ಮಂಪರಿನಲ್ಲೇ ಇರುತ್ತಾರೆ, ಅವರಿಗೆ ವಾರ ಎಲ್ಲಿ ನೆನಪಿರುತ್ತದೆ ಎಂದುಕೊಂಡೆ. ಓವರ್‌ಟೈಮಿಗೆ ಹೋದೆ, ಫೋನನ್ನೂ ಮಾಡಲಿಲ್ಲ.

ಮುಂದಿನ ಶನಿವಾರ ಬರುವ ಮೊದಲೇ ಅವರು ತೀರಿಕೊಂಡರು.

ಮಣ್ಣು ಮುಗಿಸಿ ಎಲ್ಲರೂ ಮಗಳ ಮನೆಗೆ ಬಂದೆವು. ಜರ್ಮನ್ ಪದ್ಧತಿಯಂತೆ ಆಕೆ ಕಾಫಿ, ಕೇಕು ಇಟ್ಟಿದ್ದಳು. ಹುಬ್ಬಳ್ಳಿಯ ಯಜಮಾನಿ ಡಬ್ಬಿ ತುಂಬ ಅವಲಕ್ಕಿ ತಂದಿದ್ದರು. ಜನ ಕರಗಿದ ಮೇಲೆ ಮಗಳು ನನ್ನನ್ನು ಅಡುಗೆಮನೆಗೆ ಕರೆದು, ನಿಧಾನವಾಗಿ ಕೇಳಿದಳು. “ಹಿರೇಹಳ್ಳ ಐ ನೋ. ಚಿಕ್ಕಹಳ್ಳ ಐ ನೋ. ವೇರ್ ಈಸ್ ಯಾವಾಗ?”

ನನಗೆ ಅರ್ಥವಾಗಲಿಲ್ಲ.

ಕಡೆಯ ದಿನಗಳಲ್ಲಿ ತಾಯಿ ಅದೊಂದೇ ಮಾತಾಡುತ್ತಿದ್ದರಂತೆ. ಶನಿವಾರ ಬೆಳಗ್ಗೆ ತಮ್ಮನ್ನು ಎಬ್ಬಿಸಿ ಕುರ್ಚಿಯಲ್ಲಿ ಕೂರಿಸು ಎಂದು ಸನ್ನೆ ಮಾಡಿದರು, ಮುಂಬಾಗಿಲಿನ ಕಡೆಗೆ ಬೆರಳು ತೋರಿಸಿ ಚಿಲಕ ತೆಗೆಸಿದರು. ಮಧ್ಯಾಹ್ನದವರೆಗೆ ಕುಳಿತಿದ್ದರು. ಯಾವಾಗ, ಯಾವಾಗ ಎನ್ನುತ್ತಿದ್ದರು. ತನಗೆ ಹೇಳದೆ ಉಳಿಸಿಕೊಂಡಿದ್ದ ಮತ್ತೊಂದು ಹಳ್ಳಿಯ ಹೆಸರಿರಬೇಕೆಂದು ಮಗಳು ಎಣಿಸಿದ್ದಳು. ಆ ಊರು ಎಲ್ಲಿದೆಯೆಂದು ತಿಳಿದರೆ ಬೇಸಿಗೆಯಲ್ಲಿ ಜರ್ಮನಿಗೆ ಹೋದಾಗ ಅಲ್ಲಿಗೊಂದು ಹೂವಿನ ಗುಚ್ಛ ಇಟ್ಟು ಬರುತ್ತೇನೆ ಎಂದಳು.

ಹೌದು, ಅದೊಂದು ಹಳ್ಳಿ ಎನ್ನುವುದು ಬಹಳ ಸುಲಭವಿತ್ತು. ಆಕೆ ನಂಬುತ್ತಿದ್ದಳು. ಕಲ್ಲಹೊಲದ ಆಚೆಗೆ, ಹಳ್ಳ ದಾಟಿ, ಎಂದು ಹಾದಿಯನ್ನೂ ಹೇಳಬಹುದಿತ್ತು. ಆ ಮಾತು ನಾಲಿಗೆಯ ತುದಿಯವರೆಗೆ ಬಂದದ್ದೂ ನಿಜ.

“ಅದು ಊರಲ್ಲ” ಎಂದೆ. “ಯಾವಾಗ ಅಂದರೆ ‘ವೆನ್’. ನನ್ನನ್ನು ಕೇಳುತ್ತಿದ್ದರು. ಶನಿವಾರ ಬರುತ್ತೇನೆ ಎಂದಿದ್ದೆ.”

ಆಕೆ ಬೈಯಲಿಲ್ಲ, ಅಳಲೂ ಇಲ್ಲ. ಕಿಟಕಿಯ ಬಳಿ ಹೋಗಿ ಅದನ್ನು ಪೂರ್ತಿ ತೆರೆದಳು. ಡಿಸೆಂಬರಿನ ಗಾಳಿ ಒಳಗೆ ನುಗ್ಗಿತು. ಇಬ್ಬರೂ ಆ ಥಂಡಿಯಲ್ಲಿ ನಿಂತೆವು. ಆಮೇಲೆ ಆಕೆ ಕಿಟಕಿ ಮುಚ್ಚಿ, ತಾಯಿಯ ಕೋಣೆಯನ್ನು ಒಬ್ಬಳೇ ತೆರವು ಮಾಡುವುದು ತನ್ನಿಂದ ಆಗುತ್ತಿಲ್ಲ, ಕನ್ನಡದ ಬೈಬಲ್ಲು, ಸೀರೆ ಯಾರಿಗೆ ಕೊಡುವುದೋ ತಿಳಿಯದು ಎಂದಳು.

ನಾನು ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತೆ. ಯಾವ ಮಾತು ಹೇಳಿ ಹೊರಡುವುದು ಎಂದು ತಿಳಿಯಲಿಲ್ಲ. ರೂಢಿಯ ಬಲದಿಂದ ಬಂದದ್ದು ಅದೇ ಮಾತು.

“ಬರತೇನಿ.”

ಮಗಳು ನನ್ನ ಮುಖ ನೋಡಿದಳು. ಚುಚ್ಚಲೆಂದೋ, ನಿಜಕ್ಕೂ ತಿಳಿಯಬೇಕೆಂದೋ ಇಂದಿಗೂ ನನಗೆ ಗೊತ್ತಿಲ್ಲ. ಆಗಷ್ಟೇ ಕಲಿತ ಶಬ್ದವನ್ನು, ಉಚ್ಚಾರ ತಪ್ಪದಂತೆ, ಎಚ್ಚರದಿಂದ ಹೇಳಿದಳು.

“ಯಾವಾಗ?”

“ಶನಿವಾರ.”

ಇಂದು ಶುಕ್ರವಾರ. ನಾಳೆ ಓವರ್‌ಟೈಮಿಗೆ ಬರಲಾಗುವುದಿಲ್ಲವೆಂದು ಮೇಲ್ವಿಚಾರಕನಿಗೆ ಹೇಳಿ ಬಂದಿದ್ದೇನೆ.